ಎಡಗಾಲಿನ ಚಪ್ಪಲಿ

ಇಸ್ರಾರ್ ಬಿಳಿ ಕಾರು ಕೊಂಡ ಮೂರೇ ವಾರಕ್ಕೆ ಗೆಳೆಯ ಖಲೀಲ್ ಕೂಡ ಅಂಥದ್ದೇ ತಂದು ಮನೆ ಮುಂದೆ ನಿಲ್ಲಿಸಿದ್ದ. ಚನ್ನಗಿರಿಯಲ್ಲಿ ಎಲ್ಲರೂ ಹೊಗಳಿದ್ದು ಖಲೀಲನ ಕಾರನ್ನೇ. ಎರಡು ವರ್ಷವಾದರೂ ಇಸ್ರಾರನಿಗೆ ಆ ಉರಿ ಆರಿರಲಿಲ್ಲ. ಈಗ ಅದೇ ಬಿಳಿ ಬಣ್ಣ ತನ್ನನ್ನು ಉಳಿಸುತ್ತದೆ ಅನ್ನಿಸಿ ಒಳಗೊಳಗೇ ನಗು ಬಂತು.

ಹನ್ನೆರಡು ದಿನದ ಹಿಂದೆ, ಇಫ್ತಾರಿಗೆ ಮನೆ ಸೇರುವ ಅವಸರದಲ್ಲಿ, ನಲ್ಲೂರು ರಸ್ತೆಯಲ್ಲಿ ಸೈಕಲ್ ಮೇಲಿದ್ದ ಮುದುಕ ಹನುಮಂತಪ್ಪನಿಗೆ ಗುದ್ದಿ ನಿಲ್ಲಿಸದೆ ಬಂದಿದ್ದ. ಮುದುಕ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹೊಲದಲ್ಲಿದ್ದವರಿಗೆ ಕಂಡದ್ದು ಬಿಳಿ ಕಾರು, ಅಷ್ಟೇ. ಒಡೆದ ಲೈಟನ್ನು ಇಸ್ರಾರ್ ದೂರದೂರಿನಲ್ಲಿ ಬದಲಾಯಿಸಿಕೊಂಡ. ಬಂಪರಿನ ಸಂದಿಗೆ ಸಿಕ್ಕಿಕೊಂಡಿದ್ದ ಮುದುಕನ ಎಡಗಾಲಿನ ಚಪ್ಪಲಿಯನ್ನು ಸುಡಲು ಹೊರಟವನು ಕೈ ತಡೆದ. ಆ ಸಂಜೆ ಖಲೀಲನೂ ನಲ್ಲೂರಿನಿಂದ ತಡವಾಗಿ ಬಂದನೆಂದು ಅವನ ಹೆಂಡತಿ ಬುಶ್ರಾ ಮಾತಿಗೆ ಹೇಳಿದ್ದಳು. ಅದೇ ದಾರಿ, ಅದೇ ಹೊತ್ತು, ಅದೇ ಬಣ್ಣ.

ರಂಜಾನ್ ಹಬ್ಬದ ಮರುದಿನ ಗೆಳೆಯ ಗುರುಬಸವರಾಜ್ ಇಬ್ಬರನ್ನೂ ಹೊಸ ದೊಡ್ಡ ರೆಸ್ಟೋರೆಂಟಿಗೆ ಊಟಕ್ಕೆ ಕರೆದಿದ್ದ. ಬೆಳಿಗ್ಗೆಯೇ ಇಸ್ರಾರ್ ಎಡಗೈಯಲ್ಲಿ ಬರೆದ, ಹೆಸರಿಲ್ಲದ ಚೀಟಿಯೊಂದನ್ನು ಪೊಲೀಸ್ ಠಾಣೆಯ ಡಬ್ಬಿಗೆ ಹಾಕಿದ. ಅದರಲ್ಲಿ ಖಲೀಲನ ಕಾರಿನ ನಂಬರು, ಮಧ್ಯಾಹ್ನ ಅದು ನಿಲ್ಲುವ ರೆಸ್ಟೋರೆಂಟಿನ ಹೆಸರು, ಸ್ಟೆಪ್ನಿ ಅಡಿ ನೋಡಿ ಎಂಬ ಮಾತು ಇದ್ದವು.

"ಅಮ್ಮಿ ನಿಮ್ಮ ಮನೀಗೆ ಶೀರ್‌ಖುರ್ಮಾ ಕಳಿಸ್ಯಾಳೆ. ಡಿಕ್ಕೀಲಿ ಇಟ್ಟು ಬರ್ತೀನಿ, ಕೀಲಿ ಕೊಡು," ಎಂದ ಇಸ್ರಾರ್ ರೆಸ್ಟೋರೆಂಟಿನ ಬಾಗಿಲಲ್ಲೇ. ಖಲೀಲ್ ಕೀಲಿ ಎಸೆದ. ಕರವಸ್ತ್ರದಲ್ಲಿ ಹಿಡಿದ ಚಪ್ಪಲಿ ಸ್ಟೆಪ್ನಿ ಟೈರಿನ ಅಡಿಗೆ ಹೋಯಿತು.

ಒಳಗೆ ತೂಗುದೀಪ, ಗಾಜಿನ ಲೋಟ, ಬೆಳ್ಳಿ ಬಣ್ಣದ ತಟ್ಟೆಯಲ್ಲಿ ಹಬೆಯಾಡುವ ಬಿರಿಯಾನಿ. ಆದರೆ ಖಲೀಲ್ ಸರಿಯಾಗಿ ಉಣ್ಣಲಿಲ್ಲ. ಮತ್ತೆ ಮತ್ತೆ ಫೋನ್ ನೋಡುತ್ತಿದ್ದ.

"ಯಾಕೋ, ಮನಸ್ಸು ಎಲ್ಲೈತೆ?" ಗುರುಬಸವರಾಜ್ ಕೇಳಿದ.

"ಏನಿಲ್ಲ. ಊಟ ಆದ್ಮ್ಯಾಲೆ ಒಂದು ಕಡೆ ಹೋಗಾದೈತೆ."

ಎಲ್ಲಿಗೆ? ಇಸ್ರಾರ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ. ಇವನಿಗೆ ಏನಾದರೂ ಗೊತ್ತೋ? ಕೀಲಿ ವಾಪಸ್ ಕೊಟ್ಟಾಗ ನನ್ನ ಕೈಯನ್ನೇ ನೋಡಿದನಲ್ಲ? ಗುರುಬಸವರಾಜನ ನಗು ಕೂಡ ಯಾಕೋ ಸಹಜವಾಗಿಲ್ಲ. ಒಂದೊಂದು ಚಮಚದ ಸದ್ದಿಗೂ ಇಸ್ರಾರ್ ಬಾಗಿಲ ಕಡೆ ತಿರುಗಿದ.

ಸಬ್ ಇನ್ಸ್‌ಪೆಕ್ಟರ್ ಷಣ್ಮುಖಪ್ಪ ಬಂದಾಗ ಇಸ್ರಾರನಿಗೆ ಉಸಿರು ಬಂದಂತಾಯಿತು. ಎಲ್ಲರೂ ಹೊರಗೆ ನಡೆದರು. ಷಣ್ಮುಖಪ್ಪ ಖಲೀಲನ ಕಾರಿನ ಸ್ಟೆಪ್ನಿ ಎತ್ತಿದರೆ ಚಪ್ಪಲಿ ಅಲ್ಲೇ ಇತ್ತು. ಖಲೀಲನ ಮುಖ ಬಿಳುಚಿತು.

"ಖಲೀಲ್, ನೀನೇನೋ ಗುದ್ದಿದ್ದು?" ಎನ್ನುವಾಗ ಇಸ್ರಾರನ ದನಿ ಅಂದುಕೊಂಡಂತೆಯೇ ನಡುಗಿತು.

ಷಣ್ಮುಖಪ್ಪ ಚಪ್ಪಲಿಯನ್ನು ಹೊರಳಿಸಿ ನೋಡುತ್ತ, "ಇವ್ರಲ್ಲ ಬಿಡ್ರಿ," ಎಂದ. "ರಸ್ತೇಲಿ ಬಿದ್ದಿದ್ದ ಹನುಮಂತಪ್ಪನ್ನ ಎತ್ತಿ ಹಾಕ್ಕೊಂಡು ಆಸ್ಪತ್ರೆಗೆ ತಂದಿದ್ದು ಇದೇ ಕಾರು. ಯಾರಿಗೂ ಹೇಳಬ್ಯಾಡಿ ಅಂದಿದ್ರು. ದಿನಾ ಹೋಗಿ ನೋಡ್ಕೊಂಡೂ ಬರ್ತಾರೆ. ಗುದ್ದಿದೋರೇ ತಂದಿರಬೌದು ಅಂತ ಆವತ್ತೇ ಇಡೀ ಕಾರು ಜಾಲಾಡಿ ಫೋಟೋ ತೆಗೆದಿದ್ದೆ. ಈ ಸ್ಟೆಪ್ನೀನೂ ಎತ್ತಿದ್ದೆ, ಅಡಿಗೆ ಏನೂ ಇರಲಿಲ್ಲ. ಖಲೀಲ್, ಆಮ್ಯಾಲೆ ಈ ಡಿಕ್ಕಿ ಕೀಲಿ ಯಾರ ಕೈಗೆ ಕೊಟ್ಟಿದ್ರಿ?" ಖಲೀಲ್ ಕೀಲಿಯನ್ನು ಅಂಗೈಯಲ್ಲಿ ಹೊರಳಿಸಿದ. ಆಮೇಲೆ, ಇಸ್ರಾರನ ಮುಖ ನೋಡಲಾಗದೆ, "ಇವತ್ತಲ್ದೆ ಇನ್ಯಾವತ್ತೂ ಕೊಟ್ಟಿಲ್ಲ ಸಾರ್," ಎಂದ.