ಲಂಗದ ಅಂಚಿನ ಹತ್ತು ದಿನಾರು

ಚೌಕಟ್ಟಿನ ಗಾಜು ಒಡೆದಿತ್ತು. ಒಳಗಿದ್ದ ನೋಟು ಇರಲಿಲ್ಲ.

ಕುವೈತಿನ ಬಿಡುಗಡೆ ದಿನದ ಬೆಳಿಗ್ಗೆ ಅದು. ಶುವೈಖಿನ ಸಭಾಂಗಣದಲ್ಲಿ ಊರಿನವರ ಸಂಘದ ಪ್ರದರ್ಶನ. ನೋಟು ಸಂಘದ ಹಿರಿಯೆ ಆಲಿವ್ ಬಾಯಿಯದು. 1990ರಲ್ಲಿ ಇರಾಕಿನವರು ದೇಶ ಹಿಡಿದು, ಕುವೈತಿ ದಿನಾರು ರದ್ದು, ನಮ್ಮ ಇರಾಕಿ ನೋಟಿಗೆ ಒಂದಕ್ಕೊಂದರಂತೆ ಬದಲಾಯಿಸಿಕೊಳ್ಳಿ ಎಂದಾಗ ಆಕೆ ಕೇಳಲಿಲ್ಲ. ಹತ್ತರ ನೋಟೊಂದನ್ನು ನಾಲ್ಕಾಗಿ ಮಡಚಿ ಲಂಗದ ಅಂಚಿಗೆ ಹೊಲಿದುಕೊಂಡರು. ಈಗ ಅವರಿಗೆ ಎಪ್ಪತ್ತಾರು. ಕಣ್ಣಿಗೆ ಪೊರೆ.

ಸಭಾಂಗಣದ ಕೀಲಿ ಇದ್ದದ್ದು ವ್ಯಾನ್ ಚಾಲಕ ಝಹೀರನ ಬಳಿ.

"ಇದಕ್ಕೆ ಎಷ್ಟು ಸಿಕ್ಕೀತು ಅಂತ ನಿನ್ನೆ ಕೇಳಿದವನೂ ಇವನೇ," ಎಂದ ಸಂಘದ ಕಾರ್ಯದರ್ಶಿ ಶೈಲೇಶ್. ಎಗೈಲಾದಲ್ಲಿ ಚೌಕಟ್ಟು ಹಾಕುವ ಅಂಗಡಿ ಅವನದು. ನಲವತ್ತು ಜನರ ಎದುರು ವ್ಯಾನಿನ ಸೀಟೆತ್ತಿದ. ಮಡಚಿದ ನೋಟು ಅಲ್ಲಿತ್ತು.

"ತಪ್ಪಾಯ್ತು ಅಂತ ಬರೆದುಕೊಡು. ಪೊಲೀಸ್ ಬೇಡ. ಇಲ್ಲದಿದ್ದರೆ ನಿನಗೆ ವೀಸಾ ಕೊಟ್ಟ ಕಫೀಲ್‌ಗೆ ಹೇಳ್ತೇನೆ, ನಾಳೆಯೇ ಊರಿಗೆ."

"ಕಳಿಸಿ ಮಾರಾಯ್ರೆ," ಎಂದ ಝಹೀರ್. "ಕಳ್ಳ ಅಂತ ಮಾತ್ರ ನಾನು ಬರೆಯುವುದಿಲ್ಲ."

* * *

ನೆರೆದವರಲ್ಲಿದ್ದ ವಾರಿಜಾ ಎಗೈಲಾದ ಮಾಲಿನಲ್ಲಿ ಬಟ್ಟೆ ಸರಿಮಾಡುವ ದರ್ಜಿ. ನೋಟನ್ನು ಕಿಟಕಿಯ ಬಳಿ ಒಯ್ದಳು. ಮೇಲಿನ ಮಡಿಕೆಯಲ್ಲಿ ಸೂಜಿತೂತುಗಳ ಸಾಲಿತ್ತು.

"ಬಾಯಿ, ನೀವು ಹೊಲಿದದ್ದು ಮಡಚಿದ ಮೇಲೆಯೇ ಅಲ್ವಾ?"

"ಮತ್ತೆ? ಬಿಡಿಸಿ ಹೊಲಿದರೆ ಅಂಚಿನಲ್ಲಿ ಹಿಡಿಯುತ್ತದಾ ಮಗಾ?"

"ಚೌಕಟ್ಟು ಹಾಕುವಾಗ ಬಿಡಿಸಿದ್ರಾ?"

"ಇಲ್ಲಪ್ಪ. ಬಿಡಿಸಬಾರದು ಅಂತ ಶೈಲೇಶನಿಗೆ ಆಣೆ ಹಾಕಿಯೇ ಕೊಟ್ಟದ್ದು. ಒಂದು ವಾರ ಅವನಲ್ಲೇ ಇತ್ತು."

ವಾರಿಜಾ ಬಾಯಿಯ ಒಪ್ಪಿಗೆ ಕೇಳಿ ನಿಧಾನವಾಗಿ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದಳು.

"ಸೂಜಿ ನಾಲ್ಕು ಪದರವನ್ನೂ ದಾಟಬೇಕು. ಬಿಚ್ಚಿದರೆ ನಾಲ್ಕು ಕಡೆ ತೂತಿರಬೇಕು. ಇಲ್ಲಿ ಒಂದೇ ಕಡೆ. ಇದು ಬಾಯಿಯ ನೋಟಲ್ಲ."

ವಾರಿಜಾ ನೋಟನ್ನು ಮೇಜಿನ ಮೇಲೆ ಹರಡಿದಳು.

"ಯಾವುದೋ ಹಳೆ ನೋಟು ತಂದು, ಹಾಸಿಟ್ಟು, ಮೇಲೆ ಕಂಡಷ್ಟನ್ನೇ ಚುಚ್ಚಿದ್ದಾರೆ. ಆದರೆ ತೂತುಗಳ ಅಂತರ, ಚೌಕಟ್ಟಿಗೆ ಕೊಡುವ ಮೊದಲು ಬಾಯಿಯ ನೋಟಿನದ್ದು ನಾನು ತೆಗೆದ ಫೋಟೋದಲ್ಲಿದ್ದ ಹಾಗೆಯೇ ಉಂಟು. ಅಷ್ಟು ಅಳೆಯಲು ನೋಟು ಕೈಯಲ್ಲಿರಬೇಕು, ಪುರುಸೊತ್ತೂ ಬೇಕು. ಝಹೀರನಿಗೆ ಸಿಕ್ಕಿದ್ದು ಕಟ್ಟಿಟ್ಟ ಚೌಕಟ್ಟು, ಅಂಗಡಿಯಿಂದ ಇಲ್ಲಿಗೆ ಅರ್ಧ ಗಂಟೆಯ ದಾರಿ, ಕೀಲಿ ಇದ್ದ ಒಂದು ರಾತ್ರಿ. ಅಷ್ಟರಲ್ಲಿ ಇಂಥದೇ ಹಳೆ ನೋಟು ಎಲ್ಲಿಂದ ತರುವುದು? ಶೈಲೇಶಣ್ಣ, ನಿಮಗೆ ವಾರವಿತ್ತು. ಇದು ವ್ಯಾನಿನಲ್ಲಿ ಸಿಕ್ಕಿದರೆ ಹುಡುಕಾಟ ಮುಗಿಯುತ್ತದೆ, ಅಸಲಿಯನ್ನು ಯಾರೂ ಕೇಳುವುದಿಲ್ಲ, ನಕಲಿ ಅಂತ ಮುಂದೆ ತಿಳಿದರೂ ತಪ್ಪು ಝಹೀರನ ಮೇಲೆ ಅಂತ ಅಲ್ವಾ?"

"ದರ್ಜಿಯ ಲೆಕ್ಕ ಕೋರ್ಟಿಗೆ ಸಾಕಾಗುವುದಿಲ್ಲ," ಎಂದ ಶೈಲೇಶ್.

"ಹಾಗಾದರೆ ಯಲ್ಲಾ, ಪೊಲೀಸರನ್ನೇ ಕರೆಯುವ. ಮೊದಲು ನಿಮ್ಮ ಜೇಬು, ಆಮೇಲೆ ಅಂಗಡಿ ನೋಡಲಿ."

ಶೈಲೇಶನ ಕೈ ಅಂಗಿಯ ಜೇಬಿಗೆ ಹೋಯಿತು. ಹೊರಬಂದ ನೋಟನ್ನೂ ವಾರಿಜಾ ಬಿಚ್ಚಿ ಬೆಳಕಿಗೆ ಹಿಡಿದಳು. ನಾಲ್ಕು ಕಡೆಯೂ ತೂತು.

* * *

ಲಂಗದಲ್ಲಿ ಉಳಿದುಬಂದ ಆ ಅಸಲಿ ನೋಟಿಗೆ ಸಂಗ್ರಹಕಾರನೊಬ್ಬ ಐನೂರು ದಿನಾರು ಹೇಳಿದ್ದನಂತೆ. ಶೈಲೇಶ್ ಝಹೀರನನ್ನು ಮೂಲೆಗೆ ಕರೆದ.

"ತಪ್ಪಾಯ್ತು ಭಾಯಿ. ಇಲ್ಲಿಗೇ ಖಲಾಸ್ ಮಾಡುವ."

ಝಹೀರ್ ಸ್ವರ ತಗ್ಗಿಸಲಿಲ್ಲ.

"ಕಳ್ಳ ಅಂದದ್ದು ನಲವತ್ತು ಜನರ ಎದುರು. ಮೂಲೆಯಲ್ಲಿ ಹೇಳಿದ್ದು ನನಗೆ ಬೇಡ. ಮೈಕಿನಲ್ಲಿ ಹೇಳಿ."

ಶೈಲೇಶ್ ಆಲಿವ್ ಬಾಯಿಯ ಮುಖ ನೋಡಿದ. ಅವರು ಊರುಗೋಲಿನಿಂದ ವೇದಿಕೆಯತ್ತ ತೋರಿಸಿದರು.