ಎಡಕ್ಕೆ ಸರಿದ ನಾಣ್ಯಗಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾಣ್ಯ ವ್ಯಾಪಾರಿ ಏದುಸಿರು ಬಿಡುತ್ತ ಠಾಣೆಗೆ ಬಂದ. ಅವನ ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ಒಂದೇ ಒಂದು ನಾಣ್ಯ ಕಳುವಾಗಿತ್ತು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಠಾಣೆಯವರೆಲ್ಲ 'ಮೀಸೆ' ಎನ್ನುವ ಹೆಡ್ ಕಾನ್‌ಸ್ಟೇಬಲನನ್ನು ಕರೆದುಕೊಂಡು ಹೊರಟ.

ಅಂಗಡಿಯಲ್ಲಿ ವ್ಯಾಪಾರಿ ಕಳುವಾದ ನಾಣ್ಯದ ದೊಡ್ಡ ಫೋಟೋಗಳನ್ನು ಮುಂದಿಟ್ಟ. ಒಂದು ಮುಖದಲ್ಲಿ ಹಾಯಿ ಬಿಚ್ಚಿದ ಹಡಗು ಉಬ್ಬಿ ನಿಂತಿತ್ತು. ಇನ್ನೊಂದು ಮುಖದಲ್ಲಿ, ಅಂಕಿ ಇರಬೇಕಾದ ಕಡೆ, ಅದೇ ಹಡಗು ಎಡಬಲ ಅದಲುಬದಲಾಗಿ ಲೋಹದೊಳಕ್ಕೆ ಇಳಿದಿತ್ತು. ಹಸಿ ಮಣ್ಣಿನಲ್ಲಿ ಹೆಜ್ಜೆ ಮೂಡಿದ ಹಾಗೆ.

"ಇದು ಹೇಗಾಯ್ತು?"

"ಟಂಕಸಾಲೇಲಿ ಒಂದು ನಾಣ್ಯ ಅಚ್ಚಿಗೇ ಕಚ್ಚಿಕೊಂಡುಬಿಡ್ತು ಸಾಹೇಬ್ರೆ. ಮುಂದಿನ ಖಾಲಿ ಬಿಲ್ಲೆ ಬಂತು, ಏಟು ಬಿತ್ತು. ಅಂಟಿಕೊಂಡಿದ್ದು ತನ್ನ ಮುಖಾನೇ ಅದರ ಮೇಲೆ ಒತ್ತಿಬಿಡ್ತು. ಇಂಥ ತಪ್ಪಿಗೇ ಜನ ಪ್ರಾಣ ಬಿಡ್ತಾರೆ."

ಇನ್‌ಸ್ಪೆಕ್ಟರನ ಕಣ್ಣು ಫೋಟೋ ಬಿಟ್ಟು ಏಳಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ಒಂದು ನಾಣ್ಯ ಇನ್ನೊಂದಕ್ಕೆ ತನ್ನ ನೆರಳನ್ನು ಕೊಟ್ಟಿತ್ತು.

"ತಪ್ಪಿ ಹುಟ್ಟಿದ್ದಕ್ಕೆ ಇಷ್ಟು ಬೆಲೆ ಅಂದ್ರೆ, ಸರ್, ನನ್ನ ಭಾವಮೈದುನ ಕೋಟ್ಯಧಿಪತಿ ಆಗ್ಬೇಕಿತ್ತು" ಎಂದ ಮೀಸೆ.

ಪಂಚನಾಮೆ ಶುರುವಾಯಿತು. ಬೀಗ ಮುರಿದಿರಲಿಲ್ಲ. ಉಳಿದ ತಪ್ಪು ನಾಣ್ಯಗಳು ಮಖಮಲ್ಲಿನ ಮೇಲೆ ಹಾಗೇ ಇದ್ದವು. ನಾಲ್ಕು ಮಾತ್ರ ಎಡ ಅಂಚಿಗೆ ಸಾಲಾಗಿ ಸರಿದಿದ್ದವು.

"ಇವನ್ನ ಹೀಗಿಟ್ಟಿದ್ದು ನೀವಾ?"

"ಕಳ್ಳ ಕೆದಕಿದ್ದಾನೆ, ಬಿಡಿ."

ಆ 'ಬಿಡಿ' ಸ್ವಲ್ಪ ಅವಸರದಲ್ಲಿ ಬಂತು. ಇನ್‌ಸ್ಪೆಕ್ಟರ್ ಭೂತಗನ್ನಡಿ ಹಿಡಿದ. ಬಲಗಡೆಯ ನಾಣ್ಯಗಳಲ್ಲಿ ಒಂದು ಮುಖ ಎಷ್ಟೇ ಕೆಟ್ಟಿರಲಿ, ಅಚ್ಚಿಗೆ ಒರಗಿದ್ದ ಹಿಂಬದಿ ಚೊಕ್ಕವಾಗಿ ಮೂಡಿತ್ತು. ಎಡಗಡೆಯ ನಾಲ್ಕರ ಹಿಂಬದಿ ಮಾತ್ರ ಚಪ್ಪಟೆ. ಮೇಲೆ ಕಬ್ಬಿಣದ ಹಲ್ಲಿನ ಗೆರೆಗಳು.

"ಎರಡೆರಡು ನಾಣ್ಯ ಜೋಡಿಸಿ ವೈಸ್ ಇಕ್ಕಳಕ್ಕೆ ಸಿಕ್ಕಿಸಿ ಹಿಂಡಿದ್ದೀರಿ. ಟಂಕಸಾಲೆಯ ತಪ್ಪು ಅಂತ ಮಾರೋದಕ್ಕೆ. ಅಲ್ವಾ?"

ವ್ಯಾಪಾರಿ ಪೆಟ್ಟಿಗೆಯ ಮುಚ್ಚಳ ಹಾಕಲು ಕೈ ಚಾಚಿದ. ಕದಿಯಲು ಬಂದವರು ಹೋಗುವಾಗ ಕಾಳು ಜೊಳ್ಳು ಬೇರೆ ಮಾಡಿಟ್ಟು ಹೋಗಿದ್ದರು!

ಬೀಗದ ಕೈ ಸಿಗುತ್ತಿದ್ದದ್ದು ವ್ಯಾಪಾರಿಗೆ, ಅವನ ಅಳಿಯನಿಗೆ, ಗುಡಿಸಿ ಒರೆಸುವ ಹೆಂಗಸಿಗೆ.

"ಅವಳನ್ನೇನು ಕೇಳ್ತೀರಿ? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!" ಎಂದ ವ್ಯಾಪಾರಿ.

ಮಧ್ಯಾಹ್ನ ಠಾಣೆಯ ಮೇಜಿನ ಮೇಲೆ ಅದೇ ನಾಣ್ಯಗಳನ್ನು ಬೆರೆಸಿ ಹರಡಿದರು. ಅಳಿಯ ಅವುಗಳತ್ತ ನೋಡಲೇ ಇಲ್ಲ, ಮಾವನನ್ನು ಬೈದುಕೊಂಡು ಹೋದ. ಆಮೇಲೆ ಹೆಂಗಸು ಬಂದು ಕೂತಳು. ನರೆತ ತಲೆ, ತೆಳ್ಳನೆ ಬೆರಳು. ಇನ್‌ಸ್ಪೆಕ್ಟರ್ ಮನೆ ವಿಚಾರ ತೆಗೆದು ಮಾತಾಡಿಸಿದ. ಮಕ್ಕಳೆಷ್ಟು, ಮನೆ ಎಲ್ಲಿ, ಮಂಡಿನೋವು ಹೇಗಿದೆ. ಬಾಯಿ ಉತ್ತರ ಕೊಡುತ್ತಿತ್ತು. ಕೈ ತನ್ನ ಪಾಡಿಗೆ ತಾನು ಹೆಬ್ಬೆರಳಲ್ಲಿ ಒಂದೊಂದೇ ನಾಣ್ಯ ಮಗುಚುತ್ತಿತ್ತು. ಮಾತು ಮುಗಿಯುವ ಹೊತ್ತಿಗೆ ಅದೇ ನಾಲ್ಕು ಎಡಕ್ಕೆ ಸರಿದಿದ್ದವು. ಕನ್ನಡಕವೂ ಇಲ್ಲ, ಭೂತಗನ್ನಡಿಯೂ ಇಲ್ಲ. ಮೀಸೆಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಟಂಕಸಾಲೇಲಿ ಯಾವ ಕೆಲಸ ಇತ್ತಮ್ಮಾ?"

ಕೈ ನಿಂತಿತು.

"ತಪಾಸಣೆ ಮೇಜು. ಮದುವೆಗೆ ಮುಂಚಿಂದ."

"ಬಿಟ್ಟಿದ್ದು ಯಾಕೆ?"

"ಬಿಡಲಿಲ್ಲ, ತೆಗೆದರು. ಅಚ್ಚಲ್ಲಿ ನಾಣ್ಯ ಕಚ್ಚಿಕೊಂಡಿದೆ, ಯಂತ್ರ ನಿಲ್ಲಿಸಿ ಅಂತ ಬಾಯಿ ಬಡ್ಕೊಂಡೆ. ಮೇಲ್ವಿಚಾರಕ ನಿಲ್ಲಿಸಲಿಲ್ಲ. ಕೆಟ್ಟದ್ದನ್ನೆಲ್ಲ ಆರಿಸಿದೆ, ಒಂದು ತಪ್ಪಿಸಿಕೊಳ್ತು. ಆ ಒಂದಕ್ಕೆ ನನ್ನ ಅನ್ನ ಹೋಯ್ತು. ಅವನಿಗೆ ಬಡ್ತಿ ಬಂತು."

"ಅದೇ ನಾಣ್ಯ ಅಂಗಡೀಲಿ ಸಿಕ್ತು."

"ಸಿಕ್ತು. ಮಖಮಲ್ಲು, ಮೇಲೊಂದು ದೀಪ. ಬಂದೋರು ಅಡ್ಡಬೀಳೋದೊಂದು ಬಾಕಿ. ಅದರ ಗಾಜು ದಿನಾ ನಾನೇ ಒರೆಸ್ತಿದ್ದೆ ಸ್ವಾಮಿ."

ಯಂತ್ರದ ತಪ್ಪು ಮಖಮಲ್ಲಿನ ಮೇಲೆ. ಅದನ್ನು ತಡೆಯಹೋದ ಕೈಗೆ ಪೊರಕೆ. ಇನ್‌ಸ್ಪೆಕ್ಟರ್ ಎಡಕ್ಕೆ ಸರಿದ ನಾಣ್ಯಗಳ ಮೇಲೆ ಬೆರಳಿಟ್ಟ.

"ಈ ನಾಲ್ಕನ್ನ ಯಾಕೆ ಸರಿಸಿದಿರಿ?"

"ಅವು ನಮ್ಮಲ್ಲಿ ಹುಟ್ಟಿದವಲ್ಲ."

ಸಂಜೆ ಪಂಚರ ಮುಂದೆ, ತನ್ನ ಒಂಟಿ ಕೋಣೆಯ ಒಲೆಯ ಮೇಲಿನ ಗೂಡಿನಿಂದ ಆಕೆಯೇ ಒಂದು ಡಬ್ಬ ಇಳಿಸಿದಳು. ಒಳಗೆ ನಾಣ್ಯ ಎರಡು ಹೋಳಾಗಿತ್ತು. ಹಡಗಿನ ಕಂಬದ ನಟ್ಟನಡುವೆ ಕತ್ತರಿ ಹಾಯ್ದಿತ್ತು.

"ಮಾರಿದ್ರೆ ಮನೆ ಕಟ್ಟಬಹುದಿತ್ತಲ್ಲಮ್ಮಾ!" ಮೀಸೆ ಚೀರಿಯೇಬಿಟ್ಟ.

"ಕೆಟ್ಟದ್ದು ಕಂಡರೆ ಕತ್ತರಿಸಿ ಡಬ್ಬಕ್ಕೆ ಹಾಕಬೇಕು. ಅದು ನಮ್ಮ ಮೇಜಿನ ನಿಯಮ."

ಇನ್‌ಸ್ಪೆಕ್ಟರ್ ಹೋಳುಗಳನ್ನು ಅಂಗೈಯಲ್ಲಿ ಜೋಡಿಸಿ ನೋಡಿದ. ಕೂದಲೆಳೆಯಷ್ಟೂ ಓರೆಯಿರಲಿಲ್ಲ.

ಐದೂ ಮುಕ್ಕಾಲಿಗೆ ಆಕೆಯನ್ನು ಬಂಧಿಸಲಾಯಿತು. ವ್ಯಾಪಾರಿಯ ಮೇಲೆ ವಂಚನೆಯ ಎರಡನೇ ಎಫ್‌ಐಆರ್ ಬಿತ್ತು; ಅವನು ಎದುರು ಬೆಂಚಿನಲ್ಲಿ ವಕೀಲನಿಗೆ ಫೋನು ಮಾಡುತ್ತಿದ್ದ. ಆಕೆಗೆ ಫೋನು ಮಾಡಲು ಯಾರೂ ಇರಲಿಲ್ಲ.

ಮೀಸೆ ಪೆನ್ನು ಹಿಡಿದು ಕೇಳಿದ: "ಕೃತ್ಯದ ಉದ್ದೇಶ, ಲಾಭಕ್ಕಾಗಿ ಅಂತ ಬರೀಲಾ ಸರ್?"

"ಬೇಡ. ಅರ್ಧಕ್ಕೆ ನಿಂತ ಕೆಲಸ ಮುಗಿಸೋದಕ್ಕೆ ಅಂತ ಬರಿ."