ಗಾಜಿನ ತೊಟ್ಟಿಯ ನಾಲ್ಕು ಅಚೋಕೆಗಳು

ಒಂಬತ್ತು ದಿನಗಳಿಂದ ಆಕೆ ಬೆಳಿಗ್ಗೆ ಹನ್ನೊಂದಕ್ಕೆ ಬಂದು, ಅದೇ ಮೂಲೆಯಲ್ಲಿ ಕುಳಿತು, ಒಂದು ಕಾಫಿ ಹೇಳಿ, ಎವಾರಿಸ್ತೊ ನಿಂತ ಕಡೆಗೇ ನೋಡುತ್ತಿದ್ದಳು. ಪಾತ್ಸ್ಕ್ವಾರೊ ಸರೋವರದ ದೋಣಿಕಟ್ಟೆಯಲ್ಲಿ ಹೋಟೆಲ್ ನಡೆಸುತ್ತಿದ್ದ ಅವನಿಗೆ ಈ ಮೂವತ್ತೆಂಟು ವರ್ಷಗಳಲ್ಲಿ ಯಾರೂ ಹಾಗೆ ನೋಡಿದ ನೆನಪಿರಲಿಲ್ಲ. ಅಂಗಿ ಇಸ್ತ್ರಿ ಕಂಡಿತು, ಮೀಸೆ ಕತ್ತರಿ ಕಂಡಿತು. ಹತ್ತೂಮುಕ್ಕಾಲಾಯಿತೆಂದರೆ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ.

ಹತ್ತನೆಯ ದಿನ ಧೈರ್ಯ ಮಾಡಿ ಹೆಸರು ಕೇಳಿದ.

"ದೊಮಿತಿಲಾ. ಒಂದು ಮಾತು ಹೇಳಲಾ? ಬೇಜಾರು ಮಾಡ್ಕೋಬಾರದು."

"ಹೇಳಿ." ಅವನ ಕಿವಿ ಬಿಸಿಯಾಯಿತು.

"ನಿಮ್ಮ ಹಿಂದಿರೋ ಅಚೋಕೆಗಳು ಸಾಯ್ತಾ ಇವೆ."

ಹಿಂದೆ ಗಾಜಿನ ತೊಟ್ಟಿಯಿತ್ತು. ಗಿರಾಕಿಗಳನ್ನು ಸೆಳೆಯಲು ಅವನು ಅದರಲ್ಲಿ ಸರೋವರದ ನಾಲ್ಕು ಅಚೋಕೆಗಳನ್ನು, ಹಲ್ಲಿಯಾಕಾರದ ನೀರಿನ ಸಾಲಮಾಂಡರ್‌ಗಳನ್ನು, ಇಟ್ಟಿದ್ದ. ಆಕೆ ಎದ್ದು ಬಂದು ಒಂದೊಂದಾಗಿ ತೋರಿಸಿದಳು. ಬಾಲದ ತುದಿ ಸುರುಳಿ ಸುತ್ತಿದೆ. ಕತ್ತಿನ ಕಿವಿರುಗಳು ಮುದುಡಿ ಮುಂದಕ್ಕೆ ಬಾಗಿವೆ. ಹೊಟ್ಟೆ ತಲೆಗಿಂತ ಸಣ್ಣಗಾಗಿದೆ. ಒಂದರ ಬೆನ್ನ ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಅದು ಮುಳುಗಲಾರದೆ ತೇಲುತ್ತಿದೆ. ಮೇಲೆ ಉರಿಯುವ ದೀಪ, ಕೆಳಗೆ ಬೆಚ್ಚನೆಯ ನೀರು, ಅವಿತುಕೊಳ್ಳಲು ಒಂದು ಕಲ್ಲೂ ಇಲ್ಲ.

ಆಕೆ ನೋಡುತ್ತಿದ್ದುದು ತನ್ನನ್ನಲ್ಲ ಎಂಬ ನಾಚಿಕೆ ಒಂದು, ಇಷ್ಟು ದಿನ ತಾನು ಇವುಗಳತ್ತ ನೋಡಲಿಲ್ಲವೆಂಬ ನಾಚಿಕೆ ಇನ್ನೊಂದು. ಎವಾರಿಸ್ತೊ ದೀಪ ಆರಿಸಿದ. ಎದುರು ದಡದ ಹಳ್ಳಿಯಲ್ಲಿ ದೊಮಿತಿಲಾ ಹೆಂಗಸರ ಜೊತೆ ಅಚೋಕೆ ಸಾಕುವ ಶೆಡ್ ನಡೆಸುತ್ತಿದ್ದಳು. ನಾಲ್ಕನ್ನೂ ತಣ್ಣೀರಿನ ಬಕೆಟ್‌ಗಳಲ್ಲಿಟ್ಟು ಇಬ್ಬರೂ ದೋಣಿ ಹತ್ತಿದರು.

ಆಮೇಲೆ ಅವನು ದಿನಾ ಹೋದ. ನೀರು ಬದಲಿಸಿದ, ಎರೆಹುಳು ಹಿಡಿದ, ಆಕೆಯಿಂದ ಬೈಸಿಕೊಂಡ.

ನಾಲ್ಕನೆಯ ದಿನ ಬೂಷ್ಟು ಹಿಡಿದದ್ದು ಸತ್ತಿತ್ತು. ದೊಮಿತಿಲಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದಳು.

"ನನಗೆ ಮೊದಲನೇ ದಿನವೇ ಗೊತ್ತಾಗಿತ್ತು. ಆಗಲೇ ಹೇಳಿದ್ರೆ ಇದು ಉಳೀತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿಬಿಟ್ರೆ ಮತ್ತೆ ಬರೋಕೆ ನೆಪ ಎಲ್ಲಿತ್ತು?"

ಅವನಿಗೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಎದ್ದು ದೋಣಿ ಹತ್ತಿದ. ಮೂರು ದಿನ ಹೋಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದ, ಗಿರಾಕಿಗಳ ಮೇಲೆ ರೇಗಿದ, ಎದುರು ದಡದಿಂದ ಬಂದ ಪ್ರತಿ ದೋಣಿಯನ್ನೂ ಎದ್ದು ನೋಡಿದ. ಹೊಟ್ಟೆಪಾಡಿಗೆಂದು ಆ ಪ್ರಾಣಿಗಳನ್ನು ದೀಪದಡಿಯ ಬಿಸಿನೀರಿನಲ್ಲಿ ಬೇಯಿಸಿದವನು ತಾನು. ಆಕೆ ಒಂಬತ್ತು ದಿನ ಸುಮ್ಮನಿದ್ದಳು, ತಾನು ಎರಡು ವರ್ಷ. ಯಾರನ್ನು ಯಾರು ಕ್ಷಮಿಸುವುದು?

ನಾಲ್ಕನೆಯ ಬೆಳಿಗ್ಗೆ ಹೋಟೆಲ್ ಬಾಗಿಲೆಳೆದು ಹೊರಟ.

ಶೆಡ್ಡಿನಲ್ಲಿ ಉಳಿದ ಮೂರು ಅಚೋಕೆಗಳೂ ತೊಟ್ಟಿಯ ತಳದಲ್ಲಿ ನೆಮ್ಮದಿಯಾಗಿದ್ದವು, ಬಾಲ ನೀಳವಾಗಿತ್ತು. ದೊಮಿತಿಲಾ ತಲೆಯೆತ್ತಲಿಲ್ಲ.

"ನೀನು ಬರಲ್ಲ ಅಂದ್ಕೊಂಡಿದ್ದೆ."

ನೀವು ಎನ್ನುತ್ತಿದ್ದವಳ ಬಾಯಲ್ಲಿ ಆ 'ನೀನು' ಕೇಳಿ ಅವನು ಆಕೆಯ ಪಕ್ಕಕ್ಕೆ ಬಂದು ಕುಳಿತ.

"ಅಚೋಕೆಗಳನ್ನ ವಾಪಸ್ ಕೇಳೋಕೆ ಬಂದಿಲ್ಲ. ತೊಟ್ಟಿ ಮಾರಿದೆ."

"ಮತ್ತೆ ಯಾಕೆ ಬಂದೆ?"

"ಭಾನುವಾರ ಮನೇಲಿ ಇರೋಕೆ ನಿಮ್ಮಮ್ಮನಿಗೆ ಹೇಳು. ಮಗಳನ್ನ ಕೇಳೋಕೆ ಬರ್ತೀನಿ."

ಆಕೆ ಕೈಯೊರೆಸಿಕೊಂಡು ಎದ್ದಳು. "ಅಮ್ಮನ್ನ ಆಮೇಲೆ ಕೇಳು," ಎಂದಳು. "ಮೊದಲು ನನ್ನನ್ನ ಕೇಳು."

ಅವನು ಕೇಳಿದ.